ಕಂಪನಿ ಕೈ ಬದಲಾದರೆ ಲೈನ್‌ಮ್ಯಾನ್ ರಾಜೀನಾಮೆ ಕೊಡಬೇಕೆ?

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 41 ವರ್ಷ. ಲೈನ್‌ಮ್ಯಾನ್ ಕೆಲಸ. ಬೆಂಗಳೂರಿನಲ್ಲಿ ಕರೆಂಟ್ ಲೈನ್ ಕೆಲಸದ ಗುತ್ತಿಗೆ ಹಿಡಿಯುವ ಖಾಸಗಿ ಕಂಪನಿಯೊಂದರಲ್ಲಿ 17 ವರ್ಷದಿಂದ ಇದ್ದಾರೆ. ಕಾಯಂ ಕೆಲಸ, ಪಿಎಫ್, ಇಎಸ್‌ಐ ಎಲ್ಲ ಇದೆ. ಈಗ ಆ ಕಂಪನಿ ಇನ್ನೊಂದು ದೊಡ್ಡ ಕಂಪನಿಯ ಜೊತೆ ವಿಲೀನ ಆಗುತ್ತಿದೆ. ‘ಇಲ್ಲಿ ರಾಜೀನಾಮೆ ಬರೆದುಕೊಡಿ, ಮರುದಿನವೇ ಹೊಸ ಕಂಪನಿಯ ಆರ್ಡರ್ ಕೊಡ್ತೀವಿ, ಸಂಬಳ 2,000 ರೂಪಾಯಿ ಜಾಸ್ತಿ’ ಎಂದಿದ್ದಾರೆ. ಹೊಸ ಆರ್ಡರಿನಲ್ಲಿ ಆರು ತಿಂಗಳು ಪ್ರೊಬೇಷನ್, ದೇಶದಲ್ಲಿ ಎಲ್ಲಿಗೆ ಬೇಕಾದರೂ ವರ್ಗ ಎಂದು ಬರೆದಿದೆ. ಇವರ ಗ್ಯಾಂಗಿನ ಇಬ್ಬರು ಸಹಿ ಹಾಕಿದ್ದಾರೆ, ಇವರು ಹಾಕಿಲ್ಲ. ನನ್ನ ಸ್ವಂತ ತಮ್ಮ ಆ ದೊಡ್ಡ ಕಂಪನಿಯಲ್ಲೇ ಸೂಪರ್‌ವೈಸರ್. ‘ಭಾವನಿಗೆ ಹೇಳಕ್ಕ, ಸುಮ್ನೆ ಸಹಿ ಹಾಕಲಿ, ಇಲ್ಲಾಂದ್ರೆ ಕೆಲಸವೇ ಹೋಗುತ್ತೆ’ ಎಂದು ದಿನಾ ಫೋನ್ ಮಾಡುತ್ತಾನೆ. ಅವನು ಕೇಳಿದ ಅಂತ ಇವರ ಆಧಾರ್, ಪಾಸ್‌ಬುಕ್ ಜೆರಾಕ್ಸ್ ಕೊಟ್ಟುಬಿಟ್ಟೆ. ಇವರಿಗೆ ಹೇಳಿಲ್ಲ. ಇವರು ರಾತ್ರಿ ನಿದ್ದೆ ಮಾಡುತ್ತಿಲ್ಲ, ಮಾತೂ ಕಡಿಮೆ. ಮೊನ್ನೆ ‘ನೀನೂ ನಿನ್ನ ತಮ್ಮನ ಕಡೆ’ ಅಂದುಬಿಟ್ಟರು. ನಾನು ಯಾರ ಮಾತು ಕೇಳಲಿ?
— ಹೆಸರು ಬೇಡ, ಲಗ್ಗೆರೆ, ಬೆಂಗಳೂರು

ಉತ್ತರ: ನಿಮ್ಮ ಯಜಮಾನರು ರಾಜೀನಾಮೆ ಬರೆದುಕೊಡಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಕಂಪನಿಗೆ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಖಂಡಿತ ಹೋಗಲಿ. ಆದರೆ 17 ವರ್ಷದ ಸೇವೆಯನ್ನು ಜೊತೆಯಲ್ಲೇ ತೆಗೆದುಕೊಂಡು ಹೋಗಲಿ. ಅವರು ಸಹಿ ಹಾಕದೆ ತಡೆದಿರುವುದು ಹಟದಿಂದಲ್ಲ. ಕಾಗದದಲ್ಲಿ ಏನೋ ಸರಿಯಿಲ್ಲ ಎಂದು ಅವರಿಗೆ ಅನ್ನಿಸಿದೆ, ಮತ್ತು ಅದು ನಿಜ.

ಕಾನೂನು ಏನು ಹೇಳುತ್ತದೆ ನೋಡಿ. ಒಂದು ಸಂಸ್ಥೆಯ ಒಡೆತನ ಇನ್ನೊಬ್ಬರ ಕೈಗೆ ಹೋದಾಗ, ಕನಿಷ್ಠ ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನಿಗೆ ಎರಡರಲ್ಲಿ ಒಂದು ಸಿಗಲೇಬೇಕು. ಒಂದೋ ಅವನ ಸೇವೆ ಮುರಿಯದೆ ಮುಂದುವರಿಯಬೇಕು, ಷರತ್ತುಗಳು ಮೊದಲಿಗಿಂತ ಕೆಡಬಾರದು, ಮುಂದೆ ಪರಿಹಾರದ ಮಾತು ಬಂದರೆ ಹಳೆಯ ವರ್ಷಗಳನ್ನೂ ಸೇರಿಸಿ ಕೊಡುವ ಹೊಣೆ ಹೊಸ ಮಾಲೀಕನ ಮೇಲಿರಬೇಕು. ಅದು ಆಗದಿದ್ದರೆ, ಕೆಲಸದಿಂದ ತೆಗೆದಾಗ ಕೊಡುವ ಹಾಗೆಯೇ ನೋಟಿಸ್ ಮತ್ತು ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ಕಲಮಿನಲ್ಲಿ ಇದು ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ನಿಮ್ಮವರು ತಾವಾಗಿಯೇ ರಾಜೀನಾಮೆ ಬರೆದರೆ ಈ ಎರಡೂ ಕೈಬಿಟ್ಟು ಹೋಗುತ್ತವೆ. ‘ನಾವು ತೆಗೆದಿಲ್ಲ, ಅವರೇ ಬಿಟ್ಟು ಹೋದರು’ ಎಂದು ಹಳೆಯ ಕಂಪನಿ ಹೇಳಬಹುದು. ‘ನಮ್ಮಲ್ಲಿ ಇವರು ಹೊಸಬರು’ ಎಂದು ಹೊಸ ಕಂಪನಿ ಹೇಳಬಹುದು.

ಹೊಸಬರು ಎನ್ನುವುದು ಚಿಕ್ಕ ವಿಷಯವಲ್ಲ. ಕೆಲಸ ಕಡಿತ ಮಾಡುವಾಗ ಸಾಮಾನ್ಯ ನಿಯಮ ಏನು ಗೊತ್ತಾ? ಒಂದೇ ದರ್ಜೆಯಲ್ಲಿ ಕೊನೆಗೆ ಸೇರಿದವರು ಮೊದಲು ಹೊರಗೆ. 17 ವರ್ಷ ಕಂಬ ಹತ್ತಿದ ಮನುಷ್ಯ ಒಂದು ಸಹಿಯಿಂದ ಆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ. ಅದರ ಮೇಲೆ ಆರು ತಿಂಗಳು ಪ್ರೊಬೇಷನ್ ಬೇರೆ. ಇಷ್ಟು ವರ್ಷ ಎಚ್‌ಟಿ (ಹೈ ಟೆನ್ಷನ್) ಲೈನ್ ಮೇಲೆ ಕೆಲಸ ಮಾಡಿದವರನ್ನು ಇನ್ನು ಯಾವುದಕ್ಕೆ ಪರೀಕ್ಷೆ ಮಾಡಬೇಕು? ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಇನ್ನು ದುಡ್ಡಿನ ಲೆಕ್ಕ. ಇಲ್ಲಿ ನಿಮ್ಮನ್ನು ಸುಮ್ಮನೆ ಹೆದರಿಸುವುದು ಬೇಡ. ರಾಜೀನಾಮೆ ಕೊಟ್ಟರೂ ಈವರೆಗಿನ 17 ವರ್ಷದ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ) ಹಳೆಯ ಕಂಪನಿ ಕೊಡಲೇಬೇಕು, ಅದು ಹೋಗುವುದಿಲ್ಲ. ಹೋಗುವುದು ಬೇರೆ. ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಈಗ 18,000 ರೂಪಾಯಿ ಎಂದುಕೊಳ್ಳೋಣ. 58ಕ್ಕೆ ನಿವೃತ್ತಿಯಾಗುವ ಹೊತ್ತಿಗೆ ಅದು 36,000 ಆಗಿದೆ ಎಂದುಕೊಳ್ಳೋಣ. ಸೇವೆ ಮುರಿಯದಿದ್ದರೆ 34 ವರ್ಷಕ್ಕೂ ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ, ಸುಮಾರು 7,06,000 ರೂಪಾಯಿ ಬರುತ್ತದೆ. ಈಗ ಮುರಿದರೆ ಮೊದಲ 17 ವರ್ಷಕ್ಕೆ ಇವತ್ತಿನ ಸಂಬಳ, ಮುಂದಿನ 17ಕ್ಕೆ ಮಾತ್ರ ಅವತ್ತಿನ ಸಂಬಳ. ಒಟ್ಟು ಸುಮಾರು 5,29,000. ತಿಂಗಳಿಗೆ 2,000 ಜಾಸ್ತಿ ಎನ್ನುವುದೂ ಸಣ್ಣ ಮೊತ್ತವಲ್ಲ, ಅದನ್ನು ಬಿಡಬೇಕಿಲ್ಲ. ಆದರೆ ಸಂಬಳ ಏರಿಸಲು ರಾಜೀನಾಮೆ ಏಕೆ ಬೇಕು? ಸೇವೆ ಮುಂದುವರಿಸಿಯೂ ಏರಿಸಬಹುದು. ಆ 2,000 ಮೂಲ ವೇತನಕ್ಕೆ ಸೇರುತ್ತದೋ, ಯಾವುದಾದರೂ ಭತ್ಯೆಯ ಹೆಸರಿನಲ್ಲಿ ಬರುತ್ತದೋ ಎಂದೂ ಕೇಳಲಿ.

ವಿಲೀನ ಎಂದರೆ ಕೆಲಸ ಹೋಯಿತು ಎಂದೇ ಮನೆಯಲ್ಲಿ ಭಯವಾಗಿರಬೇಕು. ಎರಡು ಕಂಪನಿ ಒಂದಾದಾಗ ಮೊದಲು ಕತ್ತರಿ ಬೀಳುವುದು ಎರಡೆರಡು ಇರುವ ಕಡೆ. ಎರಡು ಅಕೌಂಟ್ಸ್ ವಿಭಾಗ, ಎರಡು ಸ್ಟೋರ್, ಎರಡು ಎಚ್‌ಆರ್. ಕಂಬಗಳು, ಟಿಸಿಗಳು (ಟ್ರಾನ್ಸ್‌ಫಾರ್ಮರ್‌ಗಳು), ಫೀಡರ್‌ಗಳು ವಿಲೀನದಿಂದ ಕಡಿಮೆ ಆಗುವುದಿಲ್ಲ. ಮಳೆಗೆ ಮರ ಬಿದ್ದರೆ ಲೈನ್ ಎತ್ತಿ ಕಟ್ಟುವ ಕೈ ಬೇಕೇ ಬೇಕು. ಲೈನ್ ಕೆಲಸದವರಿಗೆ ಪೆಟ್ಟು ಬೀಳುವುದು ಬೇರೆ ರೀತಿಯಲ್ಲಿ. ನಿವೃತ್ತರಾದವರ ಜಾಗಕ್ಕೆ ಕಾಯಂ ಆಳು ಬರುವುದಿಲ್ಲ, ಹೊರಗುತ್ತಿಗೆಯವರು ಬರುತ್ತಾರೆ. ಹತ್ತಿರದ ಡಿಪೋ ಮುಚ್ಚಿ ದೂರದ್ದಕ್ಕೆ ಹಾಕುತ್ತಾರೆ. ಎರಡು ಗ್ಯಾಂಗಿನ ಕೆಲಸ ಒಂದೇ ಗ್ಯಾಂಗಿನ ಮೇಲೆ ಬೀಳುತ್ತದೆ. ಅದಕ್ಕೇ ಆ ‘ದೇಶದಲ್ಲಿ ಎಲ್ಲಿಗೆ ಬೇಕಾದರೂ’ ಎಂಬ ಸಾಲನ್ನು ಹಗುರವಾಗಿ ನೋಡಬೇಡಿ. ಈಗಿನ ಆರ್ಡರಿನಲ್ಲಿ ಆ ಷರತ್ತು ಇಲ್ಲದಿದ್ದರೆ, ಅದನ್ನು ಹೊಸದಾಗಿ ಸೇರಿಸುವುದು ಷರತ್ತು ಕೆಟ್ಟ ಹಾಗೆಯೇ. ಬೆಂಗಳೂರು ನಗರ ಎಂದೋ, ಈಗಿನ ಡಿಪೋದಿಂದ ಇಂತಿಷ್ಟು ದೂರದೊಳಗೆ ಎಂದೋ ಬರೆಸಿಕೊಳ್ಳಲು ಕೇಳಲಿ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 1957ರ ಸರ್ಕಾರಿ ವಿದ್ಯುತ್ ಮಂಡಳಿ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಎಂಬ ಕಂಪನಿ ಆಯಿತು. 2002ರ ಜೂನ್ 1ರಂದು ಅದರಿಂದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಬೇರೆಯಾದವು. ಆಗಲೂ ನೌಕರರ ಮನೆಗಳಲ್ಲಿ ಇದೇ ಆತಂಕ ಇತ್ತು. ಅವರು ಯಾರೂ ರಾಜೀನಾಮೆ ಕೊಟ್ಟು ಹೊಸದಾಗಿ ಸೇರಲಿಲ್ಲ. ಸೇವೆ ಸಮೇತ ವರ್ಗವಾದರು, ಪಿಂಚಣಿಗೆ ಪ್ರತ್ಯೇಕ ಟ್ರಸ್ಟ್ ಆಯಿತು. ಸರ್ಕಾರಿ ವಿದ್ಯುತ್ ಮಂಡಳಿಗಳನ್ನು ಒಡೆದು ಬೇರೆ ಕಂಪನಿಗೆ ಕೊಡುವಾಗ ನೌಕರರ ಷರತ್ತು ಮೊದಲಿಗಿಂತ ಕೀಳಾಗಬಾರದು ಎಂದು 2003ರ ವಿದ್ಯುತ್ ಕಾಯ್ದೆಯ 133ನೇ ಕಲಮಿನಲ್ಲೂ ಇದೆ. ನಿಮ್ಮವರದು ಖಾಸಗಿ ಕಂಪನಿ, ಆ ಕಲಮು ಅವರಿಗೆ ನೇರವಾಗಿ ಬರುವುದಿಲ್ಲ. ಆದರೆ ಸೇವೆ ಮುರಿಯದೆ ಜನರನ್ನು ಹೊಸ ಕಂಪನಿಗೆ ಕಳಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅವಸರದ ಸಹಿಯಿಂದ ಏನಾಗುತ್ತದೆ ಎಂಬುದಕ್ಕೆ ದೆಹಲಿ ಇದೆ. 2002ರಲ್ಲಿ ಅಲ್ಲಿನ ವಿದ್ಯುತ್ ಮಂಡಳಿ ಖಾಸಗಿ ಕಂಪನಿಗಳ ಕೈಗೆ ಹೋದ ಮೇಲೆ ಸ್ವಯಂ ನಿವೃತ್ತಿ ಯೋಜನೆ ಬಂತು. ಅದನ್ನು ಒಪ್ಪಿಕೊಂಡವರ ಪಿಂಚಣಿ, ಬಾಕಿ ಹಣವನ್ನು ಯಾರು ಕೊಡಬೇಕು ಎಂಬ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು.

ಈಗ ಮಾಡಬೇಕಾದ ಕೆಲಸ. ನಿಮ್ಮ ಯಜಮಾನರು ಎರಡೂ ಕಂಪನಿಯ ಎಚ್‌ಆರ್‌ಗೆ ಒಂದು ಪತ್ರ ಬರೆಯಲಿ. ಜಗಳದ ಮಾತು ಒಂದೂ ಬೇಡ. ‘ಹೊಸ ಕಂಪನಿಯಲ್ಲಿ ಕೆಲಸ ಮಾಡಲು ಒಪ್ಪಿಗೆ ಇದೆ. ನಾನು ಮೊದಲು ಸೇರಿದ ತಾರೀಖಿನಿಂದಲೇ ಸೇವೆ ಲೆಕ್ಕ ಹಾಕಿ, ಈಗಿನ ಷರತ್ತುಗಳಿಗೆ ಕಡಿಮೆಯಾಗದಂತೆ, ಪ್ರೊಬೇಷನ್ ಇಲ್ಲದೆ ವರ್ಗಾವಣೆ ಪತ್ರ ಕೊಡಿ. ರಾಜೀನಾಮೆ ಏಕೆ ಬೇಕು ಎಂದು ಬರಹದಲ್ಲಿ ತಿಳಿಸಿ’ ಎಂದರೆ ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇದು ಯಾವ ರೀತಿಯ ವಿಲೀನ ಎಂದೂ ಅದರಲ್ಲೇ ಕೇಳಲಿ. ಬರೀ ಷೇರು ಕೈ ಬದಲಾಗಿದ್ದರೆ ಕಂಪನಿ ಅದೇ, ಮಾಲೀಕ ಮಾತ್ರ ಬೇರೆ. ಆಗ ಹೊಸ ಆರ್ಡರಿನ ಮಾತೇ ಬರುವುದಿಲ್ಲ. ಕಂಪನಿ ಕಾನೂನು ನ್ಯಾಯಮಂಡಳಿಯ ಮೂಲಕ ಎರಡು ಕಂಪನಿ ಒಂದಾಗುತ್ತಿದ್ದರೆ, ಆ ಯೋಜನೆಯಲ್ಲಿ ನೌಕರರ ಬಗ್ಗೆ ಸಾಮಾನ್ಯವಾಗಿ ಒಂದು ಪ್ಯಾರಾ ಇರುತ್ತದೆ. ಅದರ ಪ್ರತಿ ಕೇಳಲಿ. ಎಷ್ಟೋ ಸಲ ಅಲ್ಲಿ ‘ಸೇವೆ ಮುಂದುವರಿಯುತ್ತದೆ’ ಎಂದೇ ಬರೆದಿರುತ್ತದೆ. ಕೆಳಗಿನ ಹಂತದಲ್ಲಿ ಮಾತ್ರ ರಾಜೀನಾಮೆ ಕೇಳುತ್ತಾರೆ.

ಪತ್ರವನ್ನು ಒಬ್ಬರೇ ಕಳಿಸುವುದಕ್ಕಿಂತ ಗ್ಯಾಂಗಿನ ಇನ್ನೂ ಸಹಿ ಹಾಕದವರು ಸೇರಿ ಕಳಿಸಿದರೆ ಒಳ್ಳೆಯದು. ಸಹಿ ಹಾಕಿದ ಇಬ್ಬರ ಮೇಲೆ ಕೋಪ ಬೇಡ, ಅವರಿಗೂ ಮನೆ ಇದೆ. ಅವರೂ ‘ಒತ್ತಡದಲ್ಲಿ ಬರೆದುಕೊಟ್ಟೆವು, ಸೇವೆ ಮುಂದುವರಿಸಿ’ ಎಂದು ತಡಮಾಡದೆ ಬರೆದು ಕಳಿಸಲಿ. ಕಂಪನಿ ಉತ್ತರ ಕೊಡದಿದ್ದರೆ ಬನ್ನೇರುಘಟ್ಟ ರಸ್ತೆಯ ಡೇರಿ ಸರ್ಕಲ್ ಹತ್ತಿರ ಕಾರ್ಮಿಕ ಭವನ ಇದೆ. ಅಲ್ಲಿ ಕಾರ್ಮಿಕ ಅಧಿಕಾರಿಗೆ ದೂರು ಕೊಡಬಹುದು. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅವರು ರಾತ್ರಿ ನಿದ್ದೆ ಮಾಡುತ್ತಿಲ್ಲ ಎಂಬ ಮಾತು. ನಿದ್ದೆಗೆಟ್ಟ ಮನುಷ್ಯ ಬೆಳಗ್ಗೆ ಎದ್ದು 11 ಕೆವಿ ಲೈನಿನ ಕೆಲಸಕ್ಕೆ ಹೋಗುತ್ತಾರೆ. ಕಾಗದದ ವಿಷಯ ಇನ್ನೊಂದು ತಿಂಗಳು ಎಳೆದರೂ ಸರಿ, ಇದು ಒಂದು ದಿನವೂ ಕಾಯಬಾರದು. ವಿಲೀನದ ಹೊತ್ತಿನಲ್ಲಿ ಗ್ಯಾಂಗುಗಳು ಬೆರೆಯುತ್ತವೆ. ಒಬ್ಬರ ಪದ್ಧತಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿದೆ ಎಂಬ ಅನುಮತಿ) ಬುಕ್ಕಿನಲ್ಲಿ ಸಹಿ, ಇನ್ನೊಬ್ಬರದು ಫೋನಿನಲ್ಲಿ ಹೇಳಿದರೆ ಸಾಕು ಎಂಬಂತೆ ಇರಬಹುದು. ಯಾವ ಫೀಡರ್ ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದ ಹಳಬರನ್ನು ಬೇರೆ ಕಡೆ ಹಾಕಿರುತ್ತಾರೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿಗೊಂದು ಜನರೇಟರ್. ಲೈನ್ ಆಫ್ ಮಾಡಿದ ಮೇಲೂ ಹಿಂದಿನಿಂದ ಕರೆಂಟ್ ಬರುವ ಅಪಾಯ ಇದ್ದೇ ಇರುತ್ತದೆ. ಇದೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೂ ನೀವು ಹೇಳಿ: ಎಲ್‌ಸಿ ತಮ್ಮ ಕೈಗೆ ಬರದೆ, ಟೆಸ್ಟ್ ಮಾಡದೆ, ಎರಡೂ ಕಡೆ ಅರ್ಥಿಂಗ್ ಹಾಕದೆ ಹತ್ತಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ನಿದ್ದೆ ಇಲ್ಲದ ದಿನ ‘ಇವತ್ತು ನಾನು ಕೆಳಗಿನ ಕೆಲಸ ನೋಡ್ಕೋತೀನಿ’ ಎಂದು ಮೇಸ್ತ್ರಿಗೆ ಹೇಳುವುದರಲ್ಲಿ ನಾಚಿಕೆ ಇಲ್ಲ. ನಿದ್ದೆ ಹಾಗೇ ಹೋದರೆ 14416ಕ್ಕೆ ಫೋನ್ ಮಾಡಲಿ. ಅದು ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆಧಾರ್, ಪಾಸ್‌ಬುಕ್ ವಿಷಯವನ್ನು ಇವತ್ತೇ ರಾತ್ರಿ ಅವರಿಗೆ ಹೇಳಿಬಿಡಿ. ತಮ್ಮನ ಬಾಯಿಂದಲೋ ಎಚ್‌ಆರ್ ಬಾಯಿಂದಲೋ ಅವರಿಗೆ ಗೊತ್ತಾದರೆ ‘ನೀನೂ ಅವನ ಕಡೆ’ ಎಂಬ ಮಾತು ಗಟ್ಟಿಯಾಗಿಬಿಡುತ್ತದೆ. ‘ಕೆಲಸ ಹೋಗುತ್ತೇನೋ ಅಂತ ಹೆದರಿ ಕೊಟ್ಟೆ, ನಿಮ್ಮನ್ನು ಕೇಳಬೇಕಿತ್ತು’ ಎನ್ನಿ. ಬೈದರೆ ಬೈಸಿಕೊಳ್ಳಿ. ಆಮೇಲೆ ಇಬ್ಬರೂ ಕೂತು ಪಿಎಫ್ ಖಾತೆಯ ಸರ್ವೀಸ್ ಹಿಸ್ಟರಿ ತೆಗೆದು ನೋಡಿ. ಹಳೆಯ ಕಂಪನಿ ಕೆಲಸ ಬಿಟ್ಟ ತಾರೀಖು ಹಾಕಿದೆಯೇ, ಹೊಸ ಕಂಪನಿಯ ಹೆಸರು ಬಂದಿದೆಯೇ ಎಂದು ಅಲ್ಲಿ ಕಾಣುತ್ತದೆ. ಬಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ‘ನಾನು ರಾಜೀನಾಮೆ ಕೊಟ್ಟಿಲ್ಲ’ ಎಂದು ಆ ಪತ್ರದಲ್ಲೇ ಸೇರಿಸಲಿ. ಏನೇ ಆದರೂ ಪಿಎಫ್ ಹಣ ತೆಗೆಯಬೇಡಿ, ಖಾತೆ ಮುಂದುವರಿಯಲಿ.

ತಮ್ಮನನ್ನು ವೈರಿ ಮಾಡಿಕೊಳ್ಳಬೇಡಿ. ಸಹಿ ಮಾಡಿಸಿಕೊಂಡು ಬಾ ಎಂದು ಅವನಿಗೂ ಮೇಲಿನವರು ಹೇಳಿರಬಹುದು. ಭಾವನ ಕೆಲಸ ಉಳಿಯಲಿ ಎಂಬ ಆಸೆಯೂ ನಿಜವಿರಬಹುದು. ಗೌರಿ ಹಬ್ಬಕ್ಕೆ ಬಾಗಿನ ತರುವ ತಮ್ಮ ಅವನು, ನಾಳೆಯೂ ಬೇಕು. ಆದರೆ ಈ ವಿಷಯದಲ್ಲಿ ನೀವು ನಿಮ್ಮ ಯಜಮಾನರ ಜೊತೆ ನಿಲ್ಲಬೇಕು, ಅದು ಅವರಿಗೆ ಕಾಣಬೇಕು. ತಮ್ಮ ಮತ್ತೆ ಫೋನ್ ಮಾಡಿದರೆ ಅವರ ಎದುರಿಗೇ ಸ್ಪೀಕರ್ ಹಾಕಿ ಮಾತಾಡಿ. ‘ಭಾವ ಬರೋದಕ್ಕೆ ರೆಡಿ ಇದ್ದಾರೆ ಕಣೋ. ರಾಜೀನಾಮೆ ಇಲ್ಲದೆ ವರ್ಗಾವಣೆ ಪತ್ರ ಕೊಡಿಸು. ಇನ್ನು ಏನಿದ್ರೂ ಅವರ ಹತ್ರಾನೇ ಮಾತಾಡು’ ಎಂದು ಹೇಳಿ. ಅಲ್ಲಿಗೆ ನಿಮ್ಮ ಮಧ್ಯಸ್ಥಿಕೆ ಮುಗಿಯಲಿ.

ವರ್ಗಾವಣೆ ಪತ್ರ ಬಂದು, ಅದರಲ್ಲಿ ಹಳೆಯ ಸೇರಿದ ತಾರೀಖು ಇದ್ದು, ಪ್ರೊಬೇಷನ್ ಇಲ್ಲದಿದ್ದರೆ ಅನುಮಾನ ಬಿಟ್ಟು ಸಹಿ ಹಾಕಲಿ. ಹಾಕುವಾಗ ಕೇಬಲ್ ಜಾಯಿಂಟಿಂಗ್ (ಕೇಬಲ್ ಜೋಡಿಸುವ ಕೆಲಸ) ತರಬೇತಿಯನ್ನೂ ಕೇಳಲಿ. ಬೆಂಗಳೂರಿನ ಲೈನುಗಳು ಒಂದೊಂದೇ ನೆಲದಡಿಗೆ ಇಳಿಯುತ್ತಿವೆ, ದೊಡ್ಡ ಕಂಪನಿಯಲ್ಲಿ ಆ ಕೆಲಸ ಕಲಿಯುವ ಅವಕಾಶ ಜಾಸ್ತಿ. ಪತ್ರದಲ್ಲಿ ಯಾವುದಾದರೂ ಸಾಲು ಅರ್ಥವಾಗದಿದ್ದರೆ ಸಹಿಗೆ ಮೊದಲು ಅದರ ಪ್ರತಿಯನ್ನು ನನಗೆ ಕಳಿಸಿ, ಓದಿ ಹೇಳುತ್ತೇನೆ.