ಉಕ್ಕಿನ ತೋಳು ಮಡಚುವುದು ಹೇಗೆ?

ಪ್ರಶ್ನೆ: ಯುರೋಪಿನ ಹಳೆಯ ಉಕ್ಕಿನ ತೋಳುಗವಚ ತೊಟ್ಟವರು ಕೈ ಮಡಚಿ ಕತ್ತಿ ಬೀಸುತ್ತಿದ್ದುದು ಹೇಗೆ? ಎಡಗೈಯದು ದೊಡ್ಡದಾಗಿರುವುದು ಏಕೆ?
– ಓದುಗರು, ಧಾರವಾಡ

ಉತ್ತರ: 15ನೇ ಶತಮಾನದ ಇಟಲಿಯ ಮಿಲಾನಿನ ಕವಚವನ್ನೇ ನೋಡೋಣ. ಮೇಲ್ತೋಳಿಗೊಂದು, ಮುಂಗೈಗೊಂದು ಕೊಳವೆ. ನಡುವೆ ಮೊಣಕೈ ಚಿಪ್ಪು, ಅಂದರೆ ಕೂಟರ್. ಮುಂಗೈ ಕೊಳವೆ ಎರಡು ಹೋಳಾಗಿ ಕೀಲಿನ ಮೇಲೆ ತೆರೆದುಕೊಳ್ಳುತ್ತದೆ, ಪಟ್ಟಿ ಬಕಲ್‌ಗಳಿಂದ ಮುಚ್ಚುತ್ತದೆ. ಚಿಪ್ಪಿಗೂ ಕೊಳವೆಗಳಿಗೂ ನಡುವೆ ಸಣ್ಣ ತಗಡುಗಳಿದ್ದು, ಎರಡೂ ಬದಿಯ ರಿವೆಟ್‌ಗಳ ಮೇಲೆ ತಿರುಗುತ್ತವೆ. ಕೈ ಮಡಚಿದಾಗ ಒಂದರಡಿ ಒಂದು ಜಾರುತ್ತವೆ. ರಿವೆಟ್ ಬಿಗಿಯಾದರೆ ಮೊಣಕೈ ಕಚ್ಚಿಕೊಳ್ಳುತ್ತದೆ; ಸಡಿಲವಾದರೆ ತಗಡುಗಳ ನಡುವೆ ಸಂದಿ ಬಿಟ್ಟು ಕತ್ತಿಯ ಮೊನೆಗೆ ದಾರಿಯಾಗುತ್ತದೆ. ಜರ್ಮನ್ ಕುಶಲಿಗಳು ಚಿಪ್ಪನ್ನು ರಿವೆಟ್ ಮಾಡದೆ ದಾರದಿಂದ ಒಳ ಅಂಗಿಗೆ ಕಟ್ಟುವುದೂ ಇತ್ತು. ತೋಳು ಸುತ್ತ ತಿರುಗಲು 16ನೇ ಶತಮಾನದ ಹಲವು ಕವಚಗಳಲ್ಲಿ ಮೇಲ್ತೋಳಿನ ಕೊಳವೆಯನ್ನೇ ಎರಡು ತುಂಡು ಮಾಡಿ, ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಓಡುವಂತೆ ಕೂರಿಸಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಹೊರನೋಟಕ್ಕೆ ಕಾಣುವುದೇ ಇಲ್ಲ. ಒಳಗೆ ತೊಡುವ ದಪ್ಪ ಅಂಗಿಯ ಭುಜದ ಹತ್ತಿರ ಹೊಲಿದ ಗಟ್ಟಿ ದಾರಕ್ಕೆ ಕವಚ ಜೋತುಬೀಳುತ್ತದೆ. ದಾರ ಉದ್ದವಾದರೆ ಚಿಪ್ಪು ಮೊಣಕೈಗಿಂತ ಕೆಳಗಿಳಿದು ಕೈ ಮಡಚಲಾಗದು. ಕಂಕುಳನ್ನು ಕಾಯುವುದು ಅದೇ ಅಂಗಿಗೆ ಹೊಲಿದ ಕಬ್ಬಿಣದ ಉಂಗುರಗಳ ಬಲೆ.

ಎಡಗೈ ಲಗಾಮು ಹಿಡಿದು ಎದುರಾಳಿಯ ಭರ್ಜಿಗೆ ಮುಖಮಾಡುತ್ತಿತ್ತು. ಹಾಗಾಗಿ ಎಡ ಮೊಣಕೈಗೆ ದೊಡ್ಡ ಹೆಚ್ಚುವರಿ ತಗಡು. ಬಲಗೈಗೆ ಭರ್ಜಿಯನ್ನು ಕಂಕುಳಲ್ಲಿ ಅವುಚಿಕೊಳ್ಳಲು ಜಾಗ ಬೇಕು, ಅಲ್ಲಿ ಚಿಕ್ಕದು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಕೊಂಡ ತೋಳುಗವಚ ಅಸಲಿಯೇ? ತುಕ್ಕನ್ನು ಹುಣಸೆಹಣ್ಣಿನಿಂದ ತೆಗೆಯಬಹುದೇ?
– ಓದುಗರು, ಲೀಡ್ಸ್

ಉತ್ತರ: ಒಳಮೈ ನೋಡಿ. ಸುತ್ತಿಗೆಯ ಗುರುತು, ಜಾಗದಿಂದ ಜಾಗಕ್ಕೆ ಬದಲಾಗುವ ದಪ್ಪ ಒಳ್ಳೆಯ ಲಕ್ಷಣ. 19ನೇ ಶತಮಾನದ ನಕಲುಗಳಲ್ಲಿ ರೋಲ್ ಮಾಡಿದ ಶೀಟಿನ ಒಂದೇ ದಪ್ಪ ಸಾಮಾನ್ಯ. ಹೊಸ ಚರ್ಮ, ಹೊಸ ರಿವೆಟ್ ಕಂಡ ಮಾತ್ರಕ್ಕೆ ನಕಲಿ ಎನ್ನಬೇಡಿ. ಅವನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರು. ನಿಮ್ಮೂರಿನ ರಾಯಲ್ ಆರ್ಮರೀಸ್ ವಸ್ತುಸಂಗ್ರಹಾಲಯದಲ್ಲಿರುವ ಅಸಲಿಗಳ ಅಂಚು, ರಿವೆಟ್ ಸಾಲುಗಳನ್ನು ಹತ್ತಿರದಿಂದ ನೋಡಿ ಹೋಲಿಸಿ.

ಹುಣಸೆಹಣ್ಣು ಖಂಡಿತ ಬೇಡ. ಹುಳಿ ತಗಡುಗಳ ಸಂದಿಗೆ ಇಳಿದರೆ ತೊಳೆದರೂ ಹೋಗದು, ಒಳಗೊಳಗೇ ಹೊಸ ತುಕ್ಕು ಹುಟ್ಟಿಸುತ್ತದೆ. ಮೇಲಿನ ಚಿತ್ತಾರ, ಚಿನ್ನದ ಲೇಪವನ್ನೂ ಕೆಡಿಸೀತು. ಮರಳು ಕಾಗದವೂ ಬೇಡ. ನೈಟ್ರೈಲ್ ಕೈಗವಸು ಹಾಕಿಕೊಂಡು ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ಆಮೇಲೆ ಲೋಹಕ್ಕೆ ಮಾತ್ರ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ, ಚರ್ಮಕ್ಕೆ ತಾಗದಿರಲಿ. ಪುಡಿಪುಡಿಯಾಗಿ ಉದುರುವ ಕೆಂಪು ತುಕ್ಕಿದ್ದರೆ ಲೋಹ ಸಂರಕ್ಷಕರಿಗೆ ತೋರಿಸಿ. ರಿವೆಟ್ ಬಿಚ್ಚಲು ಹೋಗಬೇಡಿ.