ಹೇಳಿಕೊಂಡದ್ದನ್ನೇ ಹಿಡಿದು ಹಂಗಿಸಿದಳು, ಮತ್ತೆ ಹೇಗೆ ಮನಸ್ಸು ಬಿಚ್ಚಲಿ?

ಪ್ರಶ್ನೆ: ನನಗೆ 36 ವರ್ಷ. ಹೋದ ವರ್ಷ ಕೆಲಸ ಹೋಗಬಹುದೆಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ ಎಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ. ಆಗ ಸಮಾಧಾನ ಮಾಡಿದಳು. ತಿಂಗಳು ಕಳೆದ ಮೇಲೆ ಜಗಳವಾದಾಗ, ಅಮ್ಮನ ಎದುರೇ, 'ಆಫೀಸಲ್ಲಿ ಹೆದರಿ ಅಳೋರು ಮನೇಲಿ ಜೋರು ಮಾಡ್ತಾರೆ' ಅಂದಳು. ಅಂದಿನಿಂದ ಏನೂ ಹೇಳಿಕೊಳ್ಳುತ್ತಿಲ್ಲ. ಈಗ 'ನೀವು ಮನಸ್ಸಲ್ಲಿರೋದು ಹೇಳೋದೇ ಇಲ್ಲ' ಎಂದು ಅವಳದೇ ದೂರು. ಏನು ಮಾಡಲಿ?

ಉತ್ತರ: 'ಮನಸ್ಸು ಬಿಚ್ಚಿ ಮಾತಾಡಿ' ಎಂಬ ಸಲಹೆ ನಿಮಗೆ ಕೊಡಲಾಗದು; ನೀವು ಬಿಚ್ಚಿ ಮಾತಾಡಿಯೇ ಪೆಟ್ಟು ತಿಂದವರು. ಆ ಹಳೆಯ ಮಾತು ಇತ್ಯರ್ಥವಾಗದೆ ಹೊಸದೇನನ್ನೂ ಹೇಳಿಕೊಳ್ಳಲು ಹೋಗಬೇಡಿ.

ಸಿಟ್ಟಿನಲ್ಲಿ ಆಡಿದವರಿಗೆ ಅದು ಮರೆತೇಹೋಗಿರಬಹುದು. ನಿಮ್ಮ ಮೌನಕ್ಕೆ ಅದೇ ಕಾರಣವೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ನಿಮ್ಮ ಅಳು ಕಂಡು ಅವರೂ ಒಳಗೊಳಗೇ ಹೆದರಿದ್ದಿರಬಹುದು: ಸಂಬಳ ನಿಂತರೆ ಮನೆ ನಡೆಯುವುದು ಹೇಗೆ ಎಂದು. ಅಷ್ಟರಿಂದ ಅವರ ಮಾತು ಸರಿಯಾಗುವುದಿಲ್ಲ, ಬಿಡಿ.

ಮನೆಯಲ್ಲಿ ಅಮ್ಮ ಇರುವುದರಿಂದ ಸಂಜೆ ವಾಕಿಂಗಿಗೆಂದು ಇಬ್ಬರೇ ಹೊರಡಿ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಿ ಹೇಳುವ ಕಷ್ಟವೂ ಇರುವುದಿಲ್ಲ. ನಡೆದದ್ದು, ಅದರಿಂದ ನಿಮಗಾದದ್ದು, ಮುಂದೆ ಬೇಕಾದದ್ದು, ಇಷ್ಟೇ ಹೇಳಿ: 'ಅವತ್ತು ಅಮ್ಮನ ಎದುರು ನೀನು ನನ್ನ ಭಯದ ವಿಷಯ ಎತ್ತಿದೆ. ನಾಚಿಕೆಯಾಯಿತು, ಅದಕ್ಕೇ ಹೇಳೋದು ಬಿಟ್ಟೆ. ಎಷ್ಟೇ ಜಗಳವಾದರೂ ಅದನ್ನು ಎತ್ತಬೇಡ.' 'ನೀನು ಯಾವಾಗಲೂ ಹೀಗೇ' ಎಂಬುದು ನುಸುಳಿತೋ, ಕೆಲಸ ಕೆಟ್ಟಿತು. ಅವರು ನಿಮ್ಮ ನೋವು ಕೇಳುವುದು ಬಿಟ್ಟು ತಮ್ಮ ಪರ ವಾದಿಸತೊಡಗುತ್ತಾರೆ.

ಎದೆ ಡವಗುಟ್ಟಿ ದನಿ ಏರಿದರೆ ನಿಲ್ಲಿಸಿ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಇಂಥ ಹೊತ್ತಿಗೆ ಕನಿಷ್ಠ 20 ನಿಮಿಷದ ಬಿಡುವು ಹೇಳುತ್ತಾರೆ, ದೇಹ ತಣಿಯಲು ಅಷ್ಟಾದರೂ ಬೇಕು. ಮತ್ತೆ ಯಾವಾಗ ಮಾತಾಡೋಣ ಎಂದು ಹೇಳಿಯೇ ಬಿಡುವು ತೆಗೆದುಕೊಳ್ಳಿ. ಇಲ್ಲದಿದ್ದರೆ ಮುನಿಸಿಕೊಂಡು ಎದ್ದುಹೋದಂತೆ ಕಾಣುತ್ತದೆ.

ಅವರು ತಪ್ಪೊಪ್ಪಿಕೊಂಡರೂ ಒಂದೇ ಸಲಕ್ಕೆ ಎಲ್ಲ ಸುರಿಯಬೇಡಿ. ಬಯಲಾದರೂ ತಡೆದುಕೊಳ್ಳಬಲ್ಲಂಥ ಸಣ್ಣದರಿಂದ ಶುರುಮಾಡಿ. ಮ್ಯಾನೇಜರ್ ಎಲ್ಲರೆದುರು ಬೈದದ್ದು, ಅಂಥದ್ದು. ಮೊದಲೇ ಹೇಳಿಬಿಡಿ: 'ಸಲಹೆ ಬೇಡ, ಹತ್ತು ನಿಮಿಷ ಕೇಳು ಸಾಕು. ಯಾರಿಗೂ ಹೇಳಬೇಡ.' ಹೀಗೆ ಕೇಳದಿದ್ದರೆ ಹೆಚ್ಚಿನವರು ಪರಿಹಾರ ಹುಡುಕಲು ಹೊರಡುತ್ತಾರೆ, ನಿಮಗೆ ಉಪದೇಶ ಕೇಳಿದಂತಾಗುತ್ತದೆ. ಆ ದಿನದ ಸಮಾಧಾನದಿಂದ ಏನನ್ನೂ ಅಳೆಯಬೇಡಿ, ಅದು ಹೋದ ಸಲವೂ ಸಿಕ್ಕಿತ್ತು. ಮುಂದಿನ ಜಗಳದಲ್ಲಿ ಆ ವಿಷಯ ಹೊರಬರುತ್ತದೆಯೇ ನೋಡಿ. ಬರಲಿಲ್ಲವಾದರೆ ಇನ್ನಷ್ಟು ಹೇಳಬಹುದು.

ಹಣದ ವಿಷಯಕ್ಕೆ ಮಾತ್ರ ಈ ನಿಧಾನ ಸಲ್ಲದು. ನೋಟಿಸ್ ಬಂದಿದ್ದರೆ, ಸಾಲದ ಕಂತು ತಪ್ಪುವಂತಿದ್ದರೆ ಇವತ್ತೇ ಹೇಳಿ.

ಅಂದಹಾಗೆ, ಅವರು ನಿಮ್ಮಲ್ಲಿ ಹೇಳಿಕೊಂಡ ಯಾವುದನ್ನಾದರೂ ನೀವು ಜಗಳದಲ್ಲಿ ಎತ್ತಿದ್ದುಂಟೇ? ಉಂಟಾದರೆ ಮಾತು ಅಲ್ಲಿಂದಲೇ ಶುರುವಾಗಲಿ.

ಇಷ್ಟಾದ ಮೇಲೂ ಹಂಗಿಸುವುದು ಮುಂದುವರಿದರೆ ಆಪ್ತ ಸಮಾಲೋಚಕರ ಬಳಿ ಇಬ್ಬರೂ ಹೋಗಿ. ಅವರು ಬರಲೊಪ್ಪದಿದ್ದರೆ ನೀವೊಬ್ಬರೇ ಹೋದರೂ ಸರಿ. ನಿದ್ದೆ ಇನ್ನೂ ಬರುತ್ತಿಲ್ಲವಾದರೆ ಅದಕ್ಕೆ ಹೆಂಡತಿಯ ಸಾಂತ್ವನ ಸಾಲದು, ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.