ಕಾಲೇಜು ಬಿಡುತ್ತೇನೆ ಎನ್ನುವ ಮಗಳು

ಮೊದಲ ಸೆಮಿಸ್ಟರ್ ಫಲಿತಾಂಶದ ನಂತರ ಬರುವ ಪತ್ರಗಳ ಮೊದಲ ಸಾಲು ಓದಿದರೆ ಸಾಕು, ಕೊನೆಯ ಸಾಲು ಏನೆಂದು ಹೇಳಿಬಿಡಬಹುದು. ಅಂಕೋಲಾ, ಹೊನ್ನಾವರ, ಸಿದ್ದಾಪುರ, ಎಲ್ಲಿಂದ ಬಂದರೂ ಪ್ರಶ್ನೆ ಅದೇ: ಕಾಲೇಜು ಬಿಡುತ್ತೇನೆ ಎನ್ನುವ ಮಕ್ಕಳಿಗೆ ಏನು ಹೇಳಲಿ? ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಜಾತಿ, ಆದಾಯ ಪ್ರಮಾಣಪತ್ರ ಮಾಡಿಸುವುದು ಹೇಗೆಂದು ಕೇಳಿದವರು ನಾಡಕಚೇರಿಗೆ ಹೋಗಿ.

ಪ್ರಶ್ನೆ: ಕಾರವಾರದ ಬೈತಖೋಲ ಬಂದರಿನಲ್ಲಿ ನನಗೆ ಬೋಟಿನ ಕೆಲಸ. ಮನೆಯಲ್ಲಿ ಆಡುವುದು ಕೊಂಕಣಿ, ಮಗಳು ಓದಿದ್ದು ಕನ್ನಡ ಮಾಧ್ಯಮ. ನಮ್ಮಲ್ಲಿ ಪಿಯುಸಿ ದಾಟಿದವಳು ಅವಳೊಬ್ಬಳೇ. ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಗಿವೆ. ಇಂಗ್ಲಿಷ್ ಪಾಠ ತಲೆಗೆ ಹತ್ತುವುದಿಲ್ಲ, ಬಿಡುತ್ತೇನೆ ಎನ್ನುತ್ತಾಳೆ. ನಮ್ಮ ಬೋಟಿನ ಲೆಕ್ಕವನ್ನೆಲ್ಲ ಬರೆಯುವವಳು ಅವಳೇ. ಸಂಬಂಧಿಕರು ಬಿ.ಎ.ಗೆ ಹಾಕಿ ಎನ್ನುತ್ತಾರೆ. ಇನ್ನೊಬ್ಬರು ಆತ್ಮವಿಶ್ವಾಸದ ಶಿಬಿರಕ್ಕೆ ಕಳಿಸಿ ಎಂದಿದ್ದಾರೆ. ಏನು ಮಾಡಲಿ ಮೇಡಂ?

ಉತ್ತರ: ಬೋಟಿನ ಲೆಕ್ಕದ ಮಾತನ್ನು ನೀವು ನಡುವೆಲ್ಲೋ ತುರುಕಿದ್ದೀರಿ. ನನಗೆ ಮುಖ್ಯವಾಗಿ ಕಂಡದ್ದು ಅದೇ. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ಊಟದ ಖರ್ಚು ಕಳೆದು, ಕೊಟ್ಟ ಮುಂಗಡ ಹಿಡಿದುಕೊಂಡು, ಉಳಿದದ್ದರಲ್ಲಿ ಮಾಲೀಕನ ಪಾಲು, ಕೆಲಸದವರ ಪಾಲು ಬೇರೆ ಮಾಡುವ ಹುಡುಗಿಗೆ ಲೆಕ್ಕಪತ್ರ ಬರುವುದಿಲ್ಲವೆಂದರೆ ಕಾಮರ್ಸ್ ಕಲಿಸುವ ನಾನು ನಂಬುವುದಿಲ್ಲ.

ಕಾಲೇಜಿನ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ಅವಳು ಕೇಳಿ ನೋಡಲಿ. ಬರೆದದ್ದು ತಪ್ಪಾಗಿದೆಯೇ, ಬರೆಯದೆ ಬಿಟ್ಟದ್ದೇ ಹೆಚ್ಚೇ? ನಾನು ತಿದ್ದುವ ಪತ್ರಿಕೆಗಳಲ್ಲಿ ಕೋಷ್ಟಕ ಕೊಟ್ಟ ಲೆಕ್ಕವನ್ನು ಇಂಥ ಮಕ್ಕಳು ಸರಿಯಾಗಿಯೇ ಮಾಡಿರುತ್ತಾರೆ. ಅದೇ ವ್ಯವಹಾರವನ್ನು ಇಂಗ್ಲಿಷಿನ ನಾಲ್ಕು ಸಾಲಿನಲ್ಲಿ ವಿವರಿಸಿ ಕೇಳಿದಲ್ಲಿ ಪುಟ ಖಾಲಿ. ಲೆಕ್ಕ ಬರುತ್ತದೆ, ಪ್ರಶ್ನೆ ಓದಲು ಬರುವುದಿಲ್ಲ. ಇದಕ್ಕೆ ಮದ್ದು ಸುಲಭ, ಬೇಸರದ್ದು ಮಾತ್ರ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು, ದಿನಕ್ಕೆ ಅರ್ಧ ಗಂಟೆ, ಉತ್ತರದ ಗೋಜಿಗೆ ಹೋಗದೆ ಪ್ರಶ್ನೆಗಳನ್ನಷ್ಟೇ ಓದಬೇಕು. ತಿಳಿಯದ ಪದಕ್ಕೆ ಗೆರೆ ಎಳೆದು ಮರುದಿನ ಅಧ್ಯಾಪಕರ ಬಳಿ ಕೇಳಬೇಕು. ವರ್ಷ ವರ್ಷವೂ ತಿರುಗಿ ಬರುವುದು ಅವೇ ಪದಗಳು. ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಕಲಿತವಳಿಗೆ ಮೂರನೆಯದು ಅಸಾಧ್ಯವಲ್ಲ.

ಎರಡು ವಿಷಯ ಹೋದದ್ದಕ್ಕೆ ವರ್ಷ ಹಾಳಾಯಿತು ಎಂದು ನಿಮ್ಮ ಮನೆಯಲ್ಲಿ ಅಳುತ್ತಿದ್ದರೆ ನಿಲ್ಲಿಸಿ. ಸೆಮಿಸ್ಟರ್ ಪದ್ಧತಿಯಲ್ಲಿ ಬಾಕಿ ವಿಷಯಕ್ಕೆ ಮತ್ತೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯುತ್ತಾರೆ. ಅಣ್ಣನೋ ಅಕ್ಕನೋ ಪದವಿ ಓದಿದ ಮನೆಯಲ್ಲಿ ಇದನ್ನು ಊಟದ ಹೊತ್ತಿಗೆ ಹೇಳಿ ಮುಗಿಸುತ್ತಾರೆ. ನಿಮ್ಮಲ್ಲಿ ಹೇಳುವವರಿಲ್ಲ, ಕಾಲೇಜಿನಲ್ಲಿ ನಮ್ಮವರು ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡು ಪಾಠ ಶುರುಮಾಡುವ ಸಹೋದ್ಯೋಗಿಗಳ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಪೂರ್ತಿ ಬರೆಯುವಂತಿಲ್ಲ. ಹುಷಾರಾಗಿರಬೇಕಾದದ್ದು ಎರಡರಲ್ಲಿ: ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಮತ್ತು ಆಂತರಿಕ ಪರೀಕ್ಷೆ. ಆಂತರಿಕ ಅಂಕ ಕೈತಪ್ಪಿದರೆ ಮರಳಿ ಗಳಿಸುವುದು ಕಷ್ಟ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿಕೊಳ್ಳುವ ಕಾಲೇಜುಗಳಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕರು ಮೆಂಟರ್, ಅಂದರೆ ಮಾರ್ಗದರ್ಶಕರು, ಎಂಬ ಪಟ್ಟಿ ಇರುತ್ತದೆ. ಎಷ್ಟೋ ಕಡೆ ಅದು ತಂಡ ಬಂದಾಗ ತೋರಿಸಲು ಇಟ್ಟ ಕಡತ. ಇರಲಿ, ನಿಮ್ಮ ಮಗಳ ಹೆಸರು ಯಾರ ಪಾಲಿಗೆ ಬಂದಿದೆಯೆಂದು ಕೇಳಿ ಅವರನ್ನೇ ಹಿಡಿಯಿರಿ. ನೀವೂ ಒಮ್ಮೆ ಬನ್ನಿ. ಬಂದರಿನಲ್ಲಿ ಗಟ್ಟಿ ದನಿಯಲ್ಲಿ ಮೀನಿನ ದರ ಕೂಗುವ ಅಪ್ಪಂದಿರು ಕಾಲೇಜು ಕಚೇರಿಯ ಹೊರಗೆ ಚಪ್ಪಲಿ ಕಳಚಿಟ್ಟು ಗೋಡೆಗೆ ಒರಗಿ ನಿಲ್ಲುವುದನ್ನು ನೋಡಿದ್ದೇನೆ. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು ಕುರ್ಚಿಯ ಮೇಲೆ ಕುಳಿತು ಮಾತಾಡಿ.

ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತು. ಅದನ್ನು ನಂಬಿಕೊಂಡು ನೇರ ಕನ್ನಡದಲ್ಲಿ ಬರೆದು ಬರಬೇಡಿ, ಯಾವ ವಿಷಯಕ್ಕೆ ಅವಕಾಶವಿದೆಯೆಂದು ಮೊದಲೇ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ತಿಳಿದುಕೊಳ್ಳಿ. ಅವಕಾಶವಿದ್ದರೂ ಲೆಕ್ಕಪತ್ರಕ್ಕೆ ನಾನು ಆ ದಾರಿ ಹೇಳಲಾರೆ. ಮುಂದೆ ಸಿ.ಎ. ಮಾಡುತ್ತೇನೆಂದರೆ ಆ ಪರೀಕ್ಷೆಗೆ ಇಂಗ್ಲಿಷ್, ಹಿಂದಿ ಬಿಟ್ಟರೆ ಬೇರೆ ಭಾಷೆಯಿಲ್ಲ. ಇದು ನನ್ನ ಅತಿ ಎಚ್ಚರಿಕೆ ಎಂದು ಬೈಯುವವರಿದ್ದಾರೆ, ಬೈಯಲಿ.

ಬಿ.ಎ.ಗೆ ಹಾಕಿ ಎನ್ನುವ ಸಂಬಂಧಿಕರು ಬಿ.ಎ. ಎಂದರೆ ಸೋತವರ ಗೋದಾಮು ಎಂದುಕೊಂಡಿದ್ದಾರೆ. ಇತಿಹಾಸ ಇಷ್ಟವೆಂದು ಹೋದರೆ ಸಂತೋಷ, ಹೆದರಿ ಹೋಗುವುದು ಬೇಡ. ಶಿಬಿರದವರು ದಿನವಿಡೀ ಚಪ್ಪಾಳೆ ತಟ್ಟಿಸಿ, ಕಣ್ಣೀರು ಹಾಕಿಸಿ, ಹಣ ಕಿತ್ತುಕೊಂಡು ಕಳಿಸುತ್ತಾರೆ. ಸೋಮವಾರ ಬೆಳಿಗ್ಗೆ ಅದೇ ಪ್ರಶ್ನೆಪತ್ರಿಕೆ ಅಲ್ಲೇ ಇರುತ್ತದೆ.

ನೀವು ಕೇಳದ ಮಾತೊಂದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಿಮ್ಮ ಬೋಟ್ ಕಟ್ಟಿಹಾಕಿರುತ್ತದೆ. ಕಾಲೇಜು ಶುಲ್ಕ ಕೇಳುವುದು ಹೆಚ್ಚಾಗಿ ಆ ಸಮಯದಲ್ಲೇ. ಆಗ ಬಡ್ಡಿಗೆ ಸಾಲ ಮಾಡಬೇಡಿ. ಕಂತಿನಲ್ಲಿ ಕಟ್ಟುತ್ತೇನೆಂದು ಮೇ ತಿಂಗಳಲ್ಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಗುಮಾಸ್ತರು ಬದಲಾದ ದಿನವೇ ಸಾಯುತ್ತದೆ.

ಪ್ರಶ್ನೆ: ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದವನು. ಹಾಸ್ಟೆಲಿನಲ್ಲಿ ಕೂದಲು, ಬಣ್ಣ ಆಡಿಕೊಳ್ಳುತ್ತಾರೆ. ಹೊಂದಿಕೊಂಡು ಹೋಗು ಎಂದರು ವಾರ್ಡನ್.

ಉತ್ತರ: ಹೊಂದಿಕೊಳ್ಳಬೇಕಾದವನು ನೀನಲ್ಲಪ್ಪ. ಮೈಬಣ್ಣ, ಜನಾಂಗ, ಜಾತಿ ಹಿಡಿದು ಹೀಯಾಳಿಸುವುದೂ ರ‍್ಯಾಗಿಂಗ್ ಎಂದು ಯುಜಿಸಿ 2016ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಸೇರಿಸಿದೆ. ನಿಮ್ಮ ಸಮುದಾಯ 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವುದರಿಂದ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೆ. ದಿನಾಂಕ, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆದಿಡು. ಪ್ರಾಂಶುಪಾಲರಿಗೆ ಲಿಖಿತ ದೂರು ಕೊಡು, ಪ್ರತಿ ನಿನ್ನ ಬಳಿ ಇರಲಿ. ಅವರೂ ಕದಲದಿದ್ದರೆ ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522. ಆ ವಾರ್ಡನ್ ಇದನ್ನು ಓದುತ್ತಿದ್ದರೆ: ನಿಮ್ಮ ಸಲಹೆಯನ್ನೂ ದೂರಿನಲ್ಲಿ ಸೇರಿಸಲು ಹೇಳಿದ್ದೇನೆ.

ಪ್ರಶ್ನೆ: ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ತರಗತಿ ಶಿರಸಿಯಲ್ಲಿದೆ, ಸೇರಲೇ?

ಉತ್ತರ: ಬೇಡ.

ಪ್ರಶ್ನೆ: ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿದೆ, ವಿದ್ಯಾರ್ಥಿವೇತನ ಬಂದಿಲ್ಲ. ಸೈಬರ್ ಸೆಂಟರಿನವರು ಹಣ ಕೊಟ್ಟರೆ ಮಾಡಿಸಿಕೊಡುತ್ತಾರಂತೆ.

ಉತ್ತರ: ಅವರ ಕೈಯಲ್ಲಿ ಏನೂ ಇಲ್ಲ. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಕೇಳಿ. ಹೆಚ್ಚಿನ ಪ್ರಕರಣಗಳಲ್ಲಿ ತೊಡಕು ಅಲ್ಲೇ.

ಪ್ರಶ್ನೆ: ಜಾತಕದಲ್ಲಿ ವಿದ್ಯಾಯೋಗವಿಲ್ಲವಂತೆ, ಸೇರಿಸುವುದೇ?

ಉತ್ತರ: ಹಾಜರಾತಿ ಎಪ್ಪತ್ತೈದು ಶೇಕಡಾ ಇದ್ದರೆ ಯೋಗ ತಾನಾಗಿ ಬರುತ್ತದೆ.

ಪ್ರಶ್ನೆ: ಕುಟುಂಬದ ಮೊದಲ ಪದವೀಧರರಿಗೆ ಶುಲ್ಕ ಮಾಫಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಆ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ?

ಉತ್ತರ: ತಮಿಳುನಾಡಿನಲ್ಲಿ.